ಕೆಳಗೂ ಓದು

ಅರಸೀಕೆರೆ ಕೋರ್ಟಿನಲ್ಲಿ ಅವತ್ತು ವಾದಿಸಲು
ನಾನು ಓದಿಕೊಂಡಿದ್ದು ಏಳು ಸಾಲು.
ತೀರ್ಪಿನ ತಲೆಟಿಪ್ಪಣಿ, ಅಷ್ಟೇ.
ಹಿಂದಿನ ರಾತ್ರಿ ಮೊಬೈಲಿನಲ್ಲಿ ಹುಡುಕಿದ್ದೆ:
ಬಂಡಿದಾರಿ, ಇಪ್ಪತ್ತು ವರ್ಷ, ಹಕ್ಕು.
ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರ ಹನ್ನೆರಡು ತೀರ್ಪು.
ಮೊದಲನೆಯದನ್ನೇ ಎತ್ತಿಕೊಂಡೆ,
ಸಂತೆಯಲ್ಲಿ ಕೈಗೆ ಸಿಕ್ಕ ಬದನೆಕಾಯಿ
ತಿರುಗಿಸಿ ಹುಳ ನೋಡದೆ ಚೀಲಕ್ಕೆ ಹಾಕುವ ಹಾಗೆ.

ಎದುರು ಪಕ್ಷಕ್ಕೆ ಖಲೀಲುಲ್ಲಾ ಸಾಹೇಬರು.
ಎಪ್ಪತ್ತು ದಾಟಿದ ವಯಸ್ಸು, ದವಡೆಯಲ್ಲಿ ಸದಾ ಒಂದು ಲವಂಗ.
ದನಿ ಏರಿಸಲಿಲ್ಲ.
‘ಸ್ವಾಮಿ, ನಮ್ಮ ಕಿರಿಯ ಮಿತ್ರರು ಹೇಳಿದ್ದು ಸರಿಯೇ,
ಹದಿನೈದನೇ ಕಲಮಿನ ಮೇಲರ್ಧ.
ಕೆಳಗೂ ಒಂದು ಪ್ಯಾರಾ ಇದೆ.
ಆ ಇಪ್ಪತ್ತು ವರ್ಷ ಮುಗಿದಿರಬೇಕಾದ್ದು
ದಾವೆಗೆ ಹಿಂದಿನ ಎರಡು ವರ್ಷದೊಳಗೆ.
ಈ ಅಮ್ಮನ ಬಂಡಿ ನಿಂತು ಐದಾಯಿತು.’

ಐದು!
ಅದು ಅವರ ಜವಾಬಿನ ನಾಲ್ಕನೇ ಪುಟದಲ್ಲೇ ಇತ್ತು.
ನಾನು ಮೂರನೆಯದರಲ್ಲಿ ನಿಂತಿದ್ದೆ.
ಜಡ್ಜರು ಕನ್ನಡಕದ ಮೇಲಿಂದ ನನ್ನನ್ನು ನೋಡಿ
‘ಬುಧವಾರ’ ಎಂದರು. ಅದು ದಯೆ.
ಹಿಂದಿನ ಬೆಂಚಿನಲ್ಲಿ ಜಾವಗಲ್ಲಿನ ದ್ಯಾವೀರಮ್ಮ
ಗೆದ್ದೆವೇನೋ ಎಂಬಂತೆ ನಕ್ಕಳು.

ವಕೀಲರ ಸಂಘದಲ್ಲಿ ಕೇರಂ ಬೋರ್ಡಿನ ಹಿಂದೆ ಮೂರು ಬೀರು.
ಬೀಗದ ಕೈ ಅಟೆಂಡರ್ ಮರುಳಪ್ಪನ ಉಡಿದಾರದಲ್ಲಿ.
‘ಸಂಘದ ಎಲೆಕ್ಷನ್ನಿಗೆ ಓಟಿನ ಡಬ್ಬ ಇಡಕ್ಕೆ ಬಿಟ್ರೆ
ಇದನ್ನ ಯಾರೂ ತೆಗ್ಸಲ್ಲ ಮೇಡಂ.’
ಅಂಗೈಯಗಲದ ಕಾಯ್ದೆ ಪುಸ್ತಕ, ಬೆನ್ನು ಕಿತ್ತಿದೆ,
ಬೆಳ್ಳಿಹುಳ ಒಂದು ಕಲಮಿನಿಂದ ಇನ್ನೊಂದಕ್ಕೆ ಓಡಿತು.
ಹದಿನೈದನೆಯದನ್ನು ಗಟ್ಟಿಯಾಗಿ, ಶಾಲೆ ಹುಡುಗಿಯಂತೆ ಓದಿದೆ.
ಅಂಚಿನಲ್ಲಿ ಮಾಸಿದ ಪೆನ್ಸಿಲ್:
‘ಕೆಳಗೂ ಓದು, ಕತ್ತೆ. ೧೪-೮-೮೬.’

ಕೆನ್ನೆ ಬಿಸಿಯಾಯಿತು.
ಆಮೇಲೆ ಆ ಒತ್ತಕ್ಷರ ನೋಡಿದೆ, ಬಾಲ ಉದ್ದ.
ನನ್ನ ಫೈಲಿನಲ್ಲಿದ್ದ ಜವಾಬಿನ ತಿದ್ದುಗಳಲ್ಲೂ
ಅದೇ ಬಾಲ.
ನನಗೆ ಬೈದದ್ದಲ್ಲ. ಮೂವತ್ತರ ಆಸುಪಾಸಿನ ಒಬ್ಬ
ಇದೇ ಬೀರುವಿನ ಮುಂದೆ, ಯಾವುದೋ ಬುಧವಾರದ ಮೊದಲು,
ತನಗೆ ತಾನೇ.

ಮತ್ತೆ ಮೊಬೈಲು ತೆಗೆದೆ.
ನನ್ನ ಮೊದಲನೇ ತೀರ್ಪನ್ನು ಕೊನೆಯವರೆಗೆ ಓದಿದೆ:
ಇಪ್ಪತ್ತೊಂದನೇ ಪ್ಯಾರಾದಲ್ಲಿ ದಾರಿ ಕೇಳಿದವನು ಸೋತಿದ್ದ.
ಮೂರನೆಯದನ್ನು ದೊಡ್ಡ ಪೀಠ ಎಂದೋ ಹೊಡೆದುಹಾಕಿತ್ತು,
ಪರದೆಯ ಮೇಲೆ ಮಾತ್ರ ಬದುಕಿದ್ದಂತೆ ಕೂತಿತ್ತು.
ನಲವತ್ತೋ ನಲವತ್ತೊಂದೋ ಆದಮೇಲೆ, ಕಣ್ಣುರಿ ಹತ್ತಿದಾಗ,
ಒಂದು ಸಣ್ಣ ಮಾತು ಸಿಕ್ಕಿತು:
ಊರಿನ ದಾರಿಯಾದರೆ ಇಪ್ಪತ್ತು ವರ್ಷದ ಲೆಕ್ಕವೇ ಬೇರೆ.

‘ಅಮ್ಮಾ, ಆ ದಾರೀಲಿ ನಿಮ್ಮೊಬ್ಬರ ಬಂಡಿನೇನಾ ಹೋಗ್ತಿದ್ದುದು?’
‘ಅಯ್ಯೋ, ಇಡೀ ಊರೇ ಹೋಯ್ತಿತ್ತಲ್ಲವ್ವ!
ಕೆರೆಗೆ ದನ, ಕಟ್ಟೆಗೆ ಹೆಣ, ಎಲ್ಲಾ ಅದ್ರಲ್ಲೇ.’
‘ಮತ್ತೆ ಹೇಳಲೇ ಇಲ್ಲ?’
‘ನೀನು ಕೇಳ್ಲಿಲ್ವಲ್ಲ.’

ಸರ್ವೆ ಆಫೀಸಿನಲ್ಲಿ ನಕಾಶೆಯ ನಕಲಿಗೆ ಎರಡು ದಿನ ಕಾದೆ.
ಬಂದಾಗ ಬಿಚ್ಚಿದ್ದು ಸ್ಕೂಟರಿನ ಸೀಟಿನ ಮೇಲೆ.
ಜೋಡಿ ಚುಕ್ಕೆಸಾಲು, ಇರುವೆಗಳು ಎದುರಾಗದೆ ಹೊರಟ ಹಾಗೆ,
ಈಗ ಗೇಟು ನಿಂತಿರುವ ಆ ಸರ್ವೆ ನಂಬರಿನ
ನಡುವೆಯೇ ಹಾದು ಕೆರೆಗೆ ಇಳಿದಿತ್ತು.

ಇನ್ನೂ ಬುಧವಾರ ಬಂದಿಲ್ಲ.
ದಾವೆಯನ್ನೇ ತಿದ್ದಬೇಕು, ಅದಕ್ಕೊಂದು ಅರ್ಜಿ,
ಅರ್ಜಿಗೆ ಸಾಹೇಬರ ತಕರಾರು, ತಕರಾರಿಗೆ ನಲವತ್ತು ವರ್ಷದ ಓದು.
ಗೆಲ್ಲುವುದು ಅಂದುಕೊಂಡಷ್ಟು ಸಲೀಸಲ್ಲ.

ಸಂಜೆ ಮರುಳಪ್ಪ ಬೀಗ ಕುಲುಕುತ್ತ ಬಾಗಿಲಲ್ಲಿ ನಿಂತ.
ಜಂಕ್ಷನ್ನಿನಲ್ಲಿ ಯಾವುದೋ ಗಾಡಿ ಇಂಜಿನ್ ಬದಲಿಸುತ್ತಿತ್ತು.
ಅವನ ಕಿವಿಯ ಮೇಲಿದ್ದ ಪೆನ್ಸಿಲ್ ಕೇಳಿ ತೆಗೆದುಕೊಂಡು
ಎಂಬತ್ತಾರರ ಆ ಸಾಲಿನ ಅಡಿಗೆ ಬರೆದೆ:
‘ಕೇಳಿಯೂ ಓದು, ಕತ್ತೆ.’
ತಾರೀಖು ಹಾಕಿದೆ.